‘ಸ್ವರ್ವ್’ ಎಂಬ ಇಂಗ್ಲಿಷ್ ಕ್ರಿಯಾಪದಕ್ಕೆ ಕನ್ನಡದಲ್ಲಿ ಯಾವ ಮಾತು ಒಪ್ಪುತ್ತದೆ?

ಮಾನ್ಯರೇ,

ವಾಹನ ವಿಮೆಯ ಕಾಗದಪತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ‘ಸ್ವರ್ವ್’ (swerve, ಸಾಗುತ್ತಿದ್ದ ಜಾಡಿನಿಂದ ಪಕ್ಕಕ್ಕೆ ಬಾಗುವುದು) ಎಂಬ ಪದ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುತ್ತದೆ. ಮೊನ್ನೆ ಕೈಗೆ ಬಂದ ಹೇಳಿಕೆಯೊಂದರಲ್ಲಿ, ರಸ್ತೆಗೆ ಎಮ್ಮೆ ಅಡ್ಡ ಬಂದಾಗ ಟೆಂಪೊ ‘ಸ್ವರ್ವ್’ ಆಗಿ ಮೋರಿಯ ಕಟ್ಟೆಗೆ ಬಡಿಯಿತು ಎಂದಷ್ಟೇ ಇತ್ತು. ‘ತಿರುಗಿತು’ ಎಂದು ಬರೆದು ಹೊಡೆದುಹಾಕಿದೆ. ‘ವಾಲಿತು’ ಎಂದು ಬರೆದು ಅದನ್ನೂ ಹೊಡೆದುಹಾಕಿದೆ.

‘ತಿರುಗಿತು’ ಎಂದರೆ ಟೆಂಪೊ ಬೇರೆ ದಾರಿ ಹಿಡಿಯಿತು ಎಂದೋ, ಬಂದ ದಾರಿಗೆ ಮುಖ ಮಾಡಿತು ಎಂದೋ ಓದುಗರು ತಿಳಿಯುತ್ತಾರೆ. ಅದರ ನೆಂಟ ‘ತಿರುವು’ ರಸ್ತೆಗೆ ಸೇರಿದ್ದು, ವಾಹನಕ್ಕಲ್ಲ. ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನೂ ಬಸ್ಸು ಒಂದೊಂದಾಗಿ ಸುತ್ತಿಕೊಂಡು ಇಳಿದರೂ ಇಂಗ್ಲಿಷಿನವರು ಅದನ್ನು ‘ಸ್ವರ್ವ್’ ಎನ್ನುವುದಿಲ್ಲ, ಏಕೆಂದರೆ ಅಲ್ಲಿ ಬಾಗಿರುವುದು ರಸ್ತೆ, ಬಸ್ಸು ತನ್ನ ಜಾಡಿನಲ್ಲಿಯೇ ಇದೆ. ಅದೇ ಬಸ್ಸು ಎದುರಿನ ಲಾರಿಗೆ ಹೆದರಿ ಫಕ್ಕನೆ ಚರಂಡಿಯ ಕಡೆಗೆ ಸರಿದರೆ ಆಗ ಅದು ‘ಸ್ವರ್ವ್’. ಹಿಡಿದಿದ್ದ ಜಾಡೊಂದು ಇರಬೇಕು, ಅದರಿಂದ ಪಕ್ಕಕ್ಕೆ ಬಾಗಬೇಕು. ವಾಹನದ ಮಾತಾದರೆ ಆ ಬಾಗುವಿಕೆ ಒಮ್ಮೆಗೇ ಆಗಬೇಕು. ‘ವಾಲು’ ಎಂಬುದಂತೂ ನಿಂತ ಗಾಡಿಗೂ ಸಲ್ಲುತ್ತದೆ. ಹುಲ್ಲು ಹೇರಿದ ಗಾಡಿ ಕದಲದೆಯೇ ವಾಲಬಹುದು.

ನಿಘಂಟಿನ ದಾರಿ ಹಿಡಿದರೆ ‘ವಿಚಲಿತವಾಗು’ ಎಂಬುದು ಸಿಗುತ್ತದೆ, ಮೂಲದಲ್ಲಿ ಅದು ಬಹಳ ಹತ್ತಿರದ ಪದವೂ ಹೌದು. ಧೀರರು ನ್ಯಾಯದ ಹಾದಿಯಿಂದ ಒಂದು ಹೆಜ್ಜೆಯೂ ಸರಿಯುವುದಿಲ್ಲ ಎನ್ನುವಲ್ಲಿ ಸಂಸ್ಕೃತ ಕವಿ ಭರ್ತೃಹರಿ ಬಳಸಿದ್ದು ‘ಪ್ರವಿಚಲಂತಿ’ ಎಂಬ ಕ್ರಿಯಾಪದವನ್ನೇ. ಆದರೆ ಇಂದಿನ ಕನ್ನಡದಲ್ಲಿ ವಿಚಲಿತವಾಗುವುದು ಮನಸ್ಸು ಮಾತ್ರ. ‘ಟೆಂಪೊ ವಿಚಲಿತವಾಯಿತು’ ಎಂದು ಬರೆದರೆ ಎಮ್ಮೆಯನ್ನು ಕಂಡು ಟೆಂಪೊ ದುಃಖಪಟ್ಟಂತೆ ಕೇಳಿಸುತ್ತದೆ. ಇದರ ಜೊತೆಗೇ ಹೇಳಬೇಕಾದ ಒಂದು ಮಾತೆಂದರೆ, ‘ಅನ್‌ಸ್ವರ್ವಿಂಗ್’ ಎಂಬುದಕ್ಕೆ ನಾವು ರೂಢಿಯಿಂದ ‘ಅಚಲ’ ಎಂದು ಬರೆದುಬಿಡುತ್ತೇವೆ. ಅಚಲವೆಂದರೆ ಕದಲದೆ ನಿಂತದ್ದು, ಬೆಟ್ಟ. ‘ಅನ್‌ಸ್ವರ್ವಿಂಗ್’ ಆದವನಾದರೋ ನಡೆಯುತ್ತಲೇ ಇದ್ದಾನೆ, ದಾರಿ ಮಾತ್ರ ಬಿಟ್ಟಿಲ್ಲ. ಅಲ್ಲಿ ‘ಅವಿಚಲ’ವೇ ಸರಿಯೆಂದು ನನ್ನ ಅಭಿಪ್ರಾಯ.

ಈ ಇಂಗ್ಲಿಷ್ ಪದದ ಹುಟ್ಟಿಗೂ ದಾರಿಗೂ ಮೊದಲಿಗೆ ಸಂಬಂಧವೇ ಇರಲಿಲ್ಲ. ಹಳೆಯ ಇಂಗ್ಲಿಷಿನ ‘ಸ್ವೆಯೊರ್ಫಾನ್’ ಎಂದರೆ ಉಜ್ಜು, ಅರದಿಂದ ತಿಕ್ಕು ಎಂದು ಅರ್ಥ. ಲೋಹವನ್ನು ಕೊರೆದಾಗ, ಅರ ಹಾಕಿದಾಗ ಉದುರುವ ಚೂರಿಗೆ ಇಂಗ್ಲಿಷಿನಲ್ಲಿ ಇಂದಿಗೂ ಇರುವ ‘ಸ್ವಾರ್ಫ್’ ಎಂಬ ಹೆಸರು ಅದೇ ಬಳಗದ್ದು. ಡಚ್ ಭಾಷೆಯ ಸಂಬಂಧಿ ಪದವಾದ ‘ಜ್ವೆರ್ವೆನ್’ ಎಂಬುದಕ್ಕೆ ಅಲೆದಾಡು ಎಂಬ ಅರ್ಥ ಬಂದಿದೆ.

ಚೆಂಡಿನ ವಿಷಯ ಬೇರೆ. ಅಲ್ಲಿ ‘ಸ್ವರ್ವ್’ ಎಂದರೆ ಫಕ್ಕನೆ ಸರಿಯುವುದಲ್ಲ, ಹಾರುತ್ತಾ ಹಾರುತ್ತಾ ಬಾಗುವುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಬೌಲರ್ ಜಾರ್ಜ್ ಹರ್ಸ್ಟ್ ಅವರ ಎಸೆತಗಳನ್ನು ವರ್ಣಿಸುವಾಗ ಬಳಸುತ್ತಿದ್ದ ಪದ ಇದೇ; ನಾವು ಇಂದು ಕನ್ನಡದಲ್ಲಿಯೂ ಸಲೀಸಾಗಿ ಹೇಳುವ ‘ಸ್ವಿಂಗ್’ ಆ ಸ್ಥಾನಕ್ಕೆ ಬಂದದ್ದು ಆಮೇಲೆ. ಫುಟ್‌ಬಾಲಿನಲ್ಲಿ ಅದು ಹಾಗೆಯೇ ಉಳಿದಿದೆ. 1997ರ ಜೂನ್ 3ರಂದು ಫ್ರಾನ್ಸಿನ ಲಿಯೋನ್ ನಗರದಲ್ಲಿ ಬ್ರೆಜಿಲಿನ ರೊಬೆರ್ಟೊ ಕಾರ್ಲೋಸ್ ಸುಮಾರು 35 ಮೀಟರ್ ದೂರದಿಂದ ಎಡಗಾಲಿನ ಹೊರಬದಿಯಲ್ಲಿ ಒದ್ದ ಚೆಂಡು, ಅಡ್ಡ ನಿಂತ ಆಟಗಾರರ ಸಾಲಿನ ಬಲಗಡೆಯಿಂದ ಎಷ್ಟು ಹೊರಗೆ ಹೋಯಿತೆಂದರೆ ಗೋಲಿನ ಪಕ್ಕದಲ್ಲಿ ದೂರ ನಿಂತಿದ್ದ ಚೆಂಡು ಹೆಕ್ಕುವ ಹುಡುಗ ತಲೆ ತಗ್ಗಿಸಿಕೊಂಡ. ಅದು ಅಲ್ಲಿಂದ ಎಡಕ್ಕೆ ಬಾಗಿ ಬಂದು ಕಂಬಕ್ಕೆ ತಗುಲಿ ಒಳಹೊಕ್ಕಿತು, ಫ್ರಾನ್ಸಿನ ಗೋಲ್‌ಕೀಪರ್ ಬಾರ್ತೇಜ್ ನಿಂತಲ್ಲಿಂದ ಕದಲಲಿಲ್ಲ. ತಿರುಗುವ ಚೆಂಡು ಗಾಳಿಯನ್ನು ಒಂದು ಬದಿಗೆ ತಳ್ಳಿ ತಾನು ಇನ್ನೊಂದು ಬದಿಗೆ ಸರಿಯುವ ಈ ಪರಿಣಾಮಕ್ಕೆ ಜರ್ಮನಿಯ ವಿಜ್ಞಾನಿ ಮಾಗ್ನುಸ್ ಅವರ ಹೆಸರಿದೆ. ಇಲ್ಲಿ ‘ಬಾಗಿ ಬಂತು’ ಎಂದರೆ ಸಾಕು. ಅನುವಾದಕನಿಗೆ ತೊಂದರೆಯೇನೂ ಇಲ್ಲ.

ತೊಂದರೆ ಇರುವುದು ಟೆಂಪೊದಲ್ಲಿಯೇ. ಆ ಹೇಳಿಕೆಯ ಮೂಲ, ಚಾಲಕ ಕನ್ನಡದಲ್ಲಿ ಆಡಿದ ಮಾತು. ಯಾರೋ ಅದನ್ನು ಇಂಗ್ಲಿಷಿಗೆ ಇಳಿಸಿದ್ದರು, ಈಗ ನಾನು ಮರಳಿ ಕನ್ನಡಕ್ಕೆ ತರಬೇಕಾಗಿತ್ತು. ಕಡತದ ಕೊನೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಮೂಲದ ಹಾಳೆ ಸಿಕ್ಕಿತು: ‘ಎಮ್ಮೆ ಅಡ್ಡ ಬಂತು, ಗಾಡಿ ಎಡಕ್ಕೆ ಎಳ್ಕೊಂಡೆ.’ ಆತ ‘ಎಳ್ಕೊಂಡ್ತು’ ಎಂದಿರಲಿಲ್ಲ. ಎಳೆದುಕೊಂಡೆ ಎಂದರೆ ಕೈ ಸ್ಟೇರಿಂಗಿನ ಮೇಲಿತ್ತು, ಎಮ್ಮೆಯನ್ನು ಉಳಿಸಲೆಂದೇ ತಿರುಗಿಸಿದ. ಎಳೆದುಕೊಂಡಿತು ಎಂದರೆ ಟೈರು ಒಡೆದಿರಬಹುದು, ಬ್ರೇಕು ಒಂದು ಕಡೆಗೆ ಹಿಡಿದಿರಬಹುದು. ಇಂಗ್ಲಿಷಿನಲ್ಲಿ ಚಾಲಕನೂ ‘ಸ್ವರ್ವ್’ ಆಗುತ್ತಾನೆ, ಟೆಂಪೊವೂ ಆಗುತ್ತದೆ, ಯಾರು ತಿರುಗಿಸಿದರು ಎಂಬುದನ್ನು ಆ ಪದ ಹೇಳಲೇಬೇಕೆಂದಿಲ್ಲ. ಕನ್ನಡ ವಾಕ್ಯ ಅದನ್ನು ಹೇಳದೆ ಮುಗಿಯಲೊಲ್ಲದು. ನಮ್ಮ ಪತ್ರಿಕೆಗಳ ‘ನಾಯಿಯನ್ನು ತಪ್ಪಿಸಲು ಹೋಗಿ ಕಾರು ಪಲ್ಟಿ’ ಎಂಬ ತಲೆಬರಹದಲ್ಲಿ ‘ತಪ್ಪಿಸಲು ಹೋಗಿ’ ಎಂಬುದೇ ‘ಸ್ವರ್ವ್’ನ ಕೆಲಸವನ್ನು ಮಾಡುತ್ತದೆ, ಚಲನೆಯನ್ನು ಬಿಟ್ಟು ಉದ್ದೇಶವನ್ನಷ್ಟೇ ಹೇಳಿ.

ಹಾಗಾಗಿ ಚಾಲಕನ ಕೃತ್ಯವಾದರೆ ‘ಪಕ್ಕಕ್ಕೆ ಎಳೆದುಕೊಂಡನು’ ಎಂದೂ, ವಾಹನ ತಾನಾಗಿ ಸರಿದಿದ್ದರೆ ‘ಪಕ್ಕಕ್ಕೆ ಎಳೆದುಕೊಂಡಿತು’ ಎಂದೂ ಬರೆಯಲು ನಿಶ್ಚಯಿಸಿದ್ದೇನೆ. ಯುವಕರು ಬೈಕಿನ ಮಾತಿನಲ್ಲಿ ಹೇಳುವ ‘ಕಟ್ ಹೊಡೆದ’ ಎಂಬುದು ಅರ್ಥಕ್ಕೆ ಇನ್ನೂ ಹತ್ತಿರವಾದರೂ ಅದರಲ್ಲಿ ಒಂದಿಷ್ಟು ಮೋಜು, ಹುಡುಗಾಟ ಸೇರಿಕೊಂಡಿರುವುದರಿಂದ ವಿಮೆಯ ಕಾಗದಕ್ಕೆ ಅದು ಹೊಂದದು. ಇನ್ನು ಉಳಿದದ್ದು, ಯಾರ ಕೃತ್ಯವೆಂದು ಇಂಗ್ಲಿಷ್ ಮೂಲದಲ್ಲಿಯೇ ತಿಳಿಯದ, ಪೆನ್ಸಿಲಿನ ಹಾಳೆಯೂ ಸಿಗದ ಸಂದರ್ಭ. ಅಲ್ಲಿಗೆ ಹೊಂದುವಂತೆ, ಹೊಣೆಯನ್ನು ಯಾರ ಮೇಲೂ ಹೊರಿಸದ ಕ್ರಿಯಾಪದವೊಂದು ತಮ್ಮ ಕಡೆಯ ಗಾಡಿ ಹೊಡೆಯುವವರ ಬಾಯಲ್ಲಿ ಇದ್ದರೆ, ಅದನ್ನು ಅವರು ಆಡುವ ವಾಕ್ಯದ ಸಮೇತ ದಯವಿಟ್ಟು ತಿಳಿಸಬೇಕು.