ಮಂಜನ ಫಾರ್ವರ್ಡು, ನಾಳೆಯ ಡಾಬಾ

ಮಂಜ: (ಫಾರ್ವರ್ಡ್) ಗಾಡಿ ಓಡಿಸುವವರಿಗೆ ಸಿಹಿ ಸುದ್ದಿ!! ರಕ್ತದಲ್ಲಿ ಮದ್ಯ 0.08 ತನಕ ಇದ್ದರೆ ಕೇಸ್ ಇಲ್ಲ. ಅಂದರೆ ಎರಡು ಬಿಯರ್ ಓಕೆ. ಮೊದಲ ಸಲ ಸಿಕ್ಕರೆ ಸ್ಥಳದಲ್ಲೇ ದಂಡ ಕಟ್ಟಿ ಹೊರಡಬಹುದು. ಎಲ್ಲ ಗುಂಪಿಗೂ ಕಳಿಸಿ.

ಮಂಜ: ನಾಳೆ ದಾವಣಗೆರೆ ಪಕ್ಕದ ಬಾತಿ ಹತ್ತಿರ ಡಾಬಾದಲ್ಲಿ ನಮ್ಮ ಬ್ಯಾಚ್ ಊಟ ಇದೆಯಲ್ಲ, ಅದಕ್ಕೇ ಹಾಕಿದೆ. ಯಾರೂ ಹೆದರಬೇಡಿ 😄

ರೇಖಾ: ಮಂಜ, ಇದನ್ನು ಯಾರು ಕಳಿಸಿದರು ನಿನಗೆ? ನಮ್ಮಲ್ಲಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ದಾಟಿದರೆ ಕೇಸು. ನಿನ್ನ ಫಾರ್ವರ್ಡಿನ ಲೆಕ್ಕದಲ್ಲಿ ಹೇಳಿದರೆ 0.03.

ಮಂಜ: ನಮ್ಮ ಮಾವನ ಗುಂಪಿನಲ್ಲಿ ಬಂತು. ಅಲ್ಲಿ ಇರುವವರೆಲ್ಲ ರಿಟೈರ್ಡ್ ಆಫೀಸರ್‌ಗಳು. ಸುಮ್ನೆ ಹಾಕುತ್ತಾರಾ?

ಗಿರಿ: 0.08 ನಮ್ಮ ಟೆಕ್ಸಾಸ್‌ದು ಕಣೋ. ಯಾರೋ ಇಲ್ಲಿಯದನ್ನು ಕನ್ನಡಕ್ಕೆ ಮಾಡಿ ಬಿಟ್ಟಿದ್ದಾರೆ, ಅದೂ ಅರ್ಧ ಮಾತ್ರ. ಇಲ್ಲೂ ದಂಡ ಕಟ್ಟಿ ಹೊರಡುವ ಹಾಗಿಲ್ಲ. ಮೊದಲ ಸಲಕ್ಕೇ 180 ದಿನದ ತನಕ ಜೈಲು, ಶಿಕ್ಷೆ ಆದರೆ ಕಮ್ಮಿ ಅಂದರೂ 72 ಗಂಟೆ. ಕಾರಿನಲ್ಲಿ 15 ವರ್ಷದೊಳಗಿನ ಮಗು ಇದ್ದರೆ ಅದು ಇನ್ನೂ ದೊಡ್ಡ ಅಪರಾಧ.

ಶಿವು: ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು ಅಲ್ವಾ. ನಮ್ಮಲ್ಲೂ ರಾಜ್ಯ ಸರ್ಕಾರವೇ ಕಮ್ಮಿ ಮಾಡಿರಬಹುದು. 2019ರಲ್ಲಿ ದಂಡ ಇಳಿಸಿದರಲ್ಲ.

ರೇಖಾ: ಇಳಿಸಿದ್ದು ಹೆಲ್ಮೆಟ್ ತರಹದ ಸಣ್ಣ ಕೇಸುಗಳಿಗೆ, 1000 ಇದ್ದದ್ದು 500 ಆಯಿತು. ಕುಡಿದು ಓಡಿಸುವುದು ಆ ಪಟ್ಟಿಯಲ್ಲೇ ಇಲ್ಲ. ಇದು 1988ರ ಮೋಟಾರು ವಾಹನ ಕಾಯ್ದೆ, ಕೇಂದ್ರದ್ದು, ಸೆಕ್ಷನ್ 185. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ. ಎರಡನೇ ಸಲ ಸಿಕ್ಕರೆ 15,000, ಜೈಲು ಎರಡು ವರ್ಷದ ತನಕ. ರಸ್ತೆಯಲ್ಲಿ ರಸೀದಿ ಹರಿದುಕೊಡುವ ಅಧಿಕಾರವೇ ಪೊಲೀಸರಿಗಿಲ್ಲ, ಕೋರ್ಟಿಗೆ ಹೋಗಲೇಬೇಕು, ಇದು ಕ್ರಿಮಿನಲ್ ಕೇಸು.

ಮಂಜ: ಪೊಲೀಸರ ಮಿಷನ್ನಿಗೆ ಊದಲ್ಲ ಅಂದರೆ?

ರೇಖಾ: ನೀನು ಇದನ್ನು ಕೇಳುತ್ತೀಯ ಅಂತ ಗೊತ್ತಿತ್ತು. ಸರಿಯಾದ ಕಾರಣ ಇಲ್ಲದೆ ಊದದಿದ್ದರೆ ಅದನ್ನೇ ನಿನ್ನ ವಿರುದ್ಧ ತೆಗೆದುಕೊಳ್ಳಬಹುದು, ಸೆಕ್ಷನ್ 205. ವಾರಂಟ್ ಇಲ್ಲದೆ ಹಿಡಿಯಲೂಬಹುದು. ಆದರೆ ಹಾಗೆ ಅರೆಸ್ಟ್ ಮಾಡಿದರೆ ಎರಡು ಗಂಟೆಯೊಳಗೆ ಡಾಕ್ಟರಿಂದ ಪರೀಕ್ಷೆ ಮಾಡಿಸಬೇಕು, ಇಲ್ಲದಿದ್ದರೆ ಬಿಡಬೇಕು. ನಮ್ಮ ಕಡೆ ಇರುವ ಹಕ್ಕು ಇದು, ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ ನೋಡು.

ಮಂಜ: ಆದರೂ ಒಂದು ಬಿಯರ್‌ಗೆ ಏನಾಗುತ್ತದೆ? ನಾನು ಕುಡಿದೇ ಹರಿಹರದಿಂದ ಎಷ್ಟೋ ಸಲ ಬಂದಿದ್ದೇನೆ. ಸ್ಟಡಿ ಇರುತ್ತೇನೆ.

ಗಿರಿ: ಒಂದು ದೊಡ್ಡ ಬಾಟಲಿ ಸ್ಟ್ರಾಂಗ್ ಸಾಕು 30 ದಾಟಲು. ಮಿಷನ್ನಿಗೆ ನೀನು ಸ್ಟಡಿಯೋ ಇಲ್ಲವೋ ಬೇಕಿಲ್ಲ. ನಿಂಬೆಹಣ್ಣು, ಕಾಫಿ, ತಣ್ಣೀರು ಸ್ನಾನ ಯಾವುದೂ ಕೆಲಸ ಮಾಡಲ್ಲ, ಲಿವರ್ ತನ್ನ ಗತಿಯಲ್ಲೇ ಇಳಿಸಬೇಕು.

ಶಿವು: ಸರಿ, ಹೇಳಿಬಿಡುತ್ತೇನೆ. ಹೋದ ವರ್ಷ ಪಿ.ಬಿ. ರೋಡಿನಲ್ಲಿ ನಾನೇ ಸಿಕ್ಕಿದ್ದೆ. ಮನೆಯಲ್ಲಿ ಬೈಕು ರಿಪೇರಿಗೆ ಬಿಟ್ಟಿದ್ದೇನೆ ಅಂತ ಸುಳ್ಳು ಹೇಳಿದೆ. ಬೈಕು ಸ್ಟೇಷನ್ನಿನಲ್ಲಿತ್ತು. ಕೋರ್ಟಿನಲ್ಲಿ 10,000 ಕಟ್ಟಲು ಸಾಲಿನಲ್ಲಿ ನಿಂತಾಗ ಹಿಂದೆ ನಮ್ಮ ಮಗನ ಟ್ಯೂಷನ್ ಮೇಷ್ಟ್ರು. ಅವರೂ ಅದೇ ಕೇಸು. ಇಬ್ಬರೂ ಬೆಳಗ್ಗೆಯಿಂದ ಮಾತಾಡಿಸಲಿಲ್ಲ. ಆಮೇಲೆ ಮೂರು ತಿಂಗಳು ಲೈಸೆನ್ಸ್ ಇಲ್ಲ, ಹೆಂಡತಿ ಸ್ಕೂಟಿಯ ಹಿಂದೆ ಕೂತು ಅಂಗಡಿಗೆ ಹೋಗುತ್ತಿದ್ದೆ.

ಮಂಜ: 😂😂 ಅದಕ್ಕೇ ಆವಾಗ ವಾಕಿಂಗ್ ಒಳ್ಳೆಯದು ಅಂತ ದಿನಾ ಮೆಸೇಜ್ ಹಾಕುತ್ತಿದ್ದೆಯಾ!

ರೇಖಾ: ನಗು. ಆದರೆ ಯಾರಿಗಾದರೂ ಗುದ್ದಿ ಜೀವ ಹೋದರೆ ಆಗ 185 ಒಂದೇ ಅಲ್ಲ. ನಿರ್ಲಕ್ಷ್ಯದಿಂದ ಸಾವು, ಭಾರತೀಯ ನ್ಯಾಯ ಸಂಹಿತೆಯ 106, ಐದು ವರ್ಷದ ತನಕ. ಹಳೆಯ ಐಪಿಸಿಯ (ಭಾರತೀಯ ದಂಡ ಸಂಹಿತೆ) 304ಎ ಇದ್ದಾಗ ಎರಡೇ ವರ್ಷ ಇತ್ತು, 2024ರ ಜುಲೈ 1ರಿಂದ ಜಾಸ್ತಿಯಾಗಿದೆ. ಕುಡಿದು ಓಡಿಸಿದರೆ ಜೀವ ಹೋಗಬಹುದು ಅಂತ ಗೊತ್ತಿದ್ದೇ ಓಡಿಸಿದ ಎಂದು ಕೋರ್ಟಿಗೆ ಅನ್ನಿಸಿದರೆ ಅದೇ ಸಂಹಿತೆಯ 105ಕ್ಕೂ (ಕೊಲೆ ಎನ್ನಿಸದ ನರಹತ್ಯೆ) ಹೋಗುತ್ತದೆ, ಅದು ಇನ್ನೂ ಭಾರ. ಇನ್ಶೂರೆನ್ಸಿನವರು ನಿನ್ನ ಕಾರಿನ ರಿಪೇರಿಗೆ ಕೈ ಎತ್ತುತ್ತಾರೆ. ಸತ್ತವರ ಮನೆಯವರಿಗೆ ಕೊಟ್ಟ ಹಣವನ್ನೂ ನಿನ್ನಿಂದಲೇ ವಸೂಲಿ ಮಾಡಬಹುದು. ಹೈವೇ 48ರ ಪಕ್ಕದಲ್ಲೇ ಡಾಬಾ ಊಟ ಇಟ್ಟುಕೊಂಡು ಎರಡು ಬಿಯರ್ ಓಕೆ ಅನ್ನುತ್ತೀಯಲ್ಲ ಮಾರಾಯ.

ಮಂಜ: ಓಡಿಸುವವನು ನಾನು, ನಿಮಗೇನು?

ರೇಖಾ: "ಕುಡಿ, ಏನೂ ಆಗಲ್ಲ, ಗಾಡಿ ತೆಗಿ" ಅಂತ ಉಬ್ಬಿಸಿದವರಿಗೂ ಅದೇ ಶಿಕ್ಷೆ, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 188. ನಿನ್ನ ಫಾರ್ವರ್ಡು ಇನ್ನೊಂದು ಸಲ ಓದಿಕೋ.

ಮಂಜ: ...

ಶಿವು: ಟೆಂಪೋ ಟ್ರಾವೆಲರ್ ಮಾಡಿಬಿಡೋಣ. ನನಗೆ ಪರಿಚಯದವನಿದ್ದಾನೆ, ಅವನು ಕುಡಿಯುವುದಿಲ್ಲ. ಜಯದೇವ ಸರ್ಕಲ್‌ನಿಂದ 11ಕ್ಕೆ. ಬರುವವರು ಹೆಸರು ಹಾಕಿ.

ಗಿರಿ: ನನ್ನ ಹೆಸರೂ ಹಾಕಿ, ವಿಡಿಯೋ ಕಾಲ್‌ನಲ್ಲಿ ಬರುತ್ತೇನೆ. ಬೆಣ್ಣೆ ದೋಸೆ ಮಾತ್ರ ತೋರಿಸಬೇಡಿ.

ಮಂಜ: ನನ್ನದೂ ಬರೆದುಕೊಳ್ಳಿ. ಕಿಟಕಿ ಸೀಟು ಬೇಕು.