ಭಾನುವಾರ ಬಡಾವಣೆ ಸ್ವಚ್ಛತೆ: ಏನೇನು ಬೇಕು? ಮಾಡಿದ ಅನುಭವ ಇದ್ದವರು ಹೇಳಿ

ಮೈಸೂರಿನಲ್ಲಿ ನಮ್ಮ ಬಡಾವಣೆ. ಎರಡು ಖಾಲಿ ಸೈಟು, ಒಂದು ತೆರೆದ ಚರಂಡಿ, ಪಾರ್ಕ್ ಮೂಲೆಯಲ್ಲಿ ಕಸದ ಗುಡ್ಡೆ. 40 ಜನ ಬರ್ತಾರೆ, ಕೈಯಲ್ಲಿ 8 ಸಾವಿರ ಇದೆ. ಏನು ತರಿಸಲಿ?

ಕುವೆಂಪುನಗರ: ಪೊರಕೆ ಲೆಕ್ಕ ಆಮೇಲೆ. ಕಸದ ಗಾಡಿ ಎಷ್ಟು ಗಂಟೆಗೆ ಬರುತ್ತೆ ಅಂತ ವಾರ್ಡಿನ ಆರೋಗ್ಯ ನಿರೀಕ್ಷಕರಿಂದ ಮೊದಲು ಹೇಳಿಸಿಕೊಳ್ಳಿ. ಚೀಲ ರಾತ್ರಿ ಉಳಿದರೆ ನಾಯಿ, ಹಸು ಹರಿದು ಎಲ್ಲಾ ಮತ್ತೆ ರಸ್ತೆಗೆ. ಅದೇ ದಿನ ಎತ್ತಲೇಬೇಕು. 40 ಜನಕ್ಕೆ 40 ಪೊರಕೆ ದಂಡ. ಉದ್ದ ಕೋಲಿನ ಕಡ್ಡಿಪೊರಕೆ 12, ಸನಿಕೆ 6, ಗುದ್ದಲಿ 4, ಬಾಂಡ್ಲಿ 8, ಚೀಲ 60 ಸಾಕು. ಚೀಲ ಮುಕ್ಕಾಲೇ ತುಂಬಿ, ಬಾಯಿ ಕಟ್ಟೋಕೆ ಜಾಗ ಬೇಕಲ್ಲ. ಗ್ಲೌಸ್ ದಪ್ಪ ರಬ್ಬರಿನದೇ ಆಗಲಿ. ಮೆಡಿಕಲ್ ಶಾಪಿನ ತೆಳು ಗ್ಲೌಸು ಮೊದಲ ಗಾಜಿನ ಚೂರಿಗೇ ಸೀಳುತ್ತೆ. ಖಾಸಗಿ ಟ್ರ್ಯಾಕ್ಟರ್ ಮಾತ್ರ ಕರೆಸಬೇಡಿ. ಎರಡನೇ ಟ್ರಿಪ್ಪೇ ಇಡೀ ಬಜೆಟ್ ನುಂಗುತ್ತೆ, ನುಂಗಿದೆ.

ಮಂಡ್ಯ ಮೋರಿ: ಅದೇ ದಿನ, ಅದೇ ದಿನ! ಹೂಳನ್ನ ಅದೇ ದಿನ ಎತ್ತಿದ್ರೆ ದಾರಿಯುದ್ದಕ್ಕೂ ಸೋರ್ಕೊಂಡು ಹೋಯ್ತದೆ ಸ್ವಾಮಿ. ಒಂದು ದಿನ ಬಸಿಯೋಕೆ ಬುಡಿ. ಆದರೆ ಮೋರಿ ಅಂಚಿಂದ ಮೂರಡಿ ಆಚೆ ಹಾಕಿ, ಇಲ್ಲಾಂದ್ರೆ ಮೊದಲ ಮಳೆಗೇ ವಾಪಸ್ ಒಳಗೆ.

ಕುವೆಂಪುನಗರ: ನಾನು ಹೇಳಿದ್ದು ಕಸ. ಹೂಳಲ್ಲ. ಓದಿ ಬರೀರಿ.

ಮಂಡ್ಯ ಮೋರಿ: ಅವರು ಚರಂಡಿ ಅಂತ ಬರ್ದಿದ್ದಾರೆ, ನೀವೂ ಓದಿ. 2016ರ ಸ್ವಚ್ಛ ನಗರ ಸಮೀಕ್ಷೆಲಿ ಮೈಸೂರು 73 ನಗರದಲ್ಲಿ ಮೊದಲು ಬಂದ ಬಿಗುಮಾನ ನಿಮಗಿನ್ನೂ ಇಳಿದಿಲ್ಲ.

ಸರಸ್ವತಿಪುರಂ: ಕೊನೆಗೆ 10 ಕೆಜಿ ಬ್ಲೀಚಿಂಗ್ ಪೌಡರ್ ಗೆರೆ ಎಳೆಸಿ.

ಹಳೇ ಸನಿಕೆ: ಅದು ಫೋಟೋಗೆ ಕಣ್ರೀ. ಕೊಳೆತದ್ದರ ಮೇಲೆ ಚೆಲ್ಲಿದ ಕ್ಲೋರಿನ್ನೆಲ್ಲ ಆ ಕೊಳೆಗೇ ಖರ್ಚಾಗುತ್ತೆ, ಕ್ರಿಮಿಗೆ ಉಳಿಯೋದು ಅಷ್ಟಕ್ಕಷ್ಟೆ. ಮೇಲೆ ಯಾರೋ ಟಾಯ್ಲೆಟ್ ಆಸಿಡ್ ಸುರಿದರೋ, ವಿಷದ ಗಾಳಿ. ಆ ದುಡ್ಡಲ್ಲಿ ಇನ್ನೊಂದು ಬಣ್ಣದ ಚೀಲ ತನ್ನಿ: ಹಸಿ, ಒಣ, ಅಪಾಯದ ಕಸ ಬೇರೆ ಬೇರೆ ಮಾಡಿ ಅಂತ 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು. ಡಯಾಪರ್, ಪ್ಯಾಡು ಕಾಗದದಲ್ಲಿ ಸುತ್ತಿಡಿ. ಬಲ್ಬು, ಬ್ಯಾಟರಿ, ಸೂಜಿ ಚೀಲಕ್ಕೆ ಬೇಡ, ಗಟ್ಟಿ ಡಬ್ಬಕ್ಕೆ. ಎಲ್ಲಾ ಕಲಸಿದ್ರೆ ಗಾಡಿಯವರು ತಗೊಳ್ಳಲ್ಲ, ತಗೊಳ್ಳಬಾರದು ಕೂಡ. ಒಣ ಎಲೆಗೆ ಬೆಂಕಿ ಹಚ್ಚೋ ಬುದ್ಧಿವಂತ ಒಬ್ಬ ಇದ್ದೇ ಇರ್ತಾನೆ, ಬೆಂಕಿಪೊಟ್ಟಣ ಕಿತ್ತಿಟ್ಟುಕೊಳ್ಳಿ.

ಸರಸ್ವತಿಪುರಂ: ಹಾಗಾದ್ರೆ ಸೊಳ್ಳೆಗೆ?

ಹಳೇ ಸನಿಕೆ: ನಿಂತ ನೀರು ಹರಿಸಿ. ಚಿಪ್ಪು, ಟೈರು ಎತ್ತಿ. ಇನ್ನು ಸೈಟಿನ ಪಾರ್ಥೇನಿಯಂ ಕಳೆ, ಹೂ ಬಿಡೋ ಮುಂಚೆ, ಮಣ್ಣು ಒದ್ದೆ ಇದ್ದಾಗ ಬೇರು ಸಮೇತ ಕಿತ್ತುಹಾಕಿ. ಹೂ ಬಂದಿದ್ದರೆ ಎಳೆದಾಡಬೇಡಿ, ಬೀಜ ಉದುರಿ ಬಡಾವಣೆಯೆಲ್ಲಾ ಅದೇ.

ಮಂಡ್ಯ ಮೋರಿ: ಯುಜಿಡಿ, ಅಂದ್ರೆ ನೆಲದೊಳಗಿನ ಒಳಚರಂಡಿ, ಅದರ ಮುಚ್ಚಳ ಮುಟ್ಟಂಗಿಲ್ಲ. ಕೂಲಿ ಕೊಟ್ಟು ಯಾರನ್ನಾದ್ರೂ ಇಳಿಸಿದ್ರೆ ಮಲ ಹೊರೋ ಪದ್ಧತಿ ನಿಷೇಧಿಸೋ 2013ರ ಕಾಯ್ದೆಯಲ್ಲಿ ಅಪರಾಧ, ಒಳಗಿನ ಗಾಳಿಗೆ ಜೀವವೂ ಹೋಯ್ತದೆ.

ಕುವೆಂಪುನಗರ: ಇದೊಂದು ಒಪ್ಪಿದೆ. ಟೀಗೆ ಪೇಪರ್ ಕಪ್ ತರಬೇಡಿ, ಒಳಗೆ ಪ್ಲಾಸ್ಟಿಕ್ ಪದರ ಇರುತ್ತೆ. ಸ್ಟೀಲ್ ಲೋಟ 40.

ಸರಸ್ವತಿಪುರಂ: ತೊಳೆಯೋರು ಯಾರು?