ಕೊಡಗಿನ ಕಿತ್ತಳೆ ನಿಜಕ್ಕೂ ಕೊಡಗಿನಲ್ಲೇ ಹುಟ್ಟಿದ್ದಾ?

ಪೊನ್ನಂಪೇಟೆ ತೋಟಗಾರ: ನಮ್ಮ ಕಿತ್ತಳೆ ಚೀನಾದಿಂದ ಬಂದದ್ದು ಎಂದು ಕೆಲವರು ಬರೆಯುತ್ತಿದ್ದಾರೆ. ನಾನು ಒಪ್ಪುವುದಿಲ್ಲ. ಅದಕ್ಕೆ ಜಿಐ ಟ್ಯಾಗ್ (ಭೌಗೋಳಿಕ ಸೂಚಕ) ಇದೆ. ಬಿಗಿ ಸಿಪ್ಪೆ, ಹದವಾದ ಹುಳಿ-ಸಿಹಿ, ನಾಗಪುರದ್ದಕ್ಕಿಂತ ಜಾಸ್ತಿ ದಿನ ಕೆಡುವುದಿಲ್ಲ. ಇಂಥ ಹಣ್ಣು ಈ ಮಣ್ಣಲ್ಲದೆ ಇನ್ನೆಲ್ಲಿ ಹುಟ್ಟೀತು?

ಸಸ್ಯಾಸಕ್ತ: ಸಾರ್, ಜಿಐ ಕೊಡುವುದು ಒಂದು ಜಾಗದಲ್ಲಿ ಬೆಳೆದಾಗ ಬರುವ ಗುಣಕ್ಕೆ. ಗಿಡ ಎಲ್ಲಿ ಹುಟ್ಟಿತು ಎಂಬುದಕ್ಕಲ್ಲ. 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಜೀನೋಮ್ ಅಧ್ಯಯನದ ಪ್ರಕಾರ ನಿಂಬೆ-ಕಿತ್ತಳೆ ಕುಲದ ತವರು ಹಿಮಾಲಯದ ಆಗ್ನೇಯ ತಪ್ಪಲು. ಅಂದರೆ ಪೂರ್ವ ಅಸ್ಸಾಂ, ಉತ್ತರ ಮ್ಯಾನ್ಮಾರ್, ಚೀನಾದ ಪಶ್ಚಿಮ ಯುನ್ನಾನ್. ಸುಮಾರು 80 ಲಕ್ಷ ವರ್ಷದ ಹಿಂದೆ ಅಲ್ಲಿಂದ ಕವಲೊಡೆಯಿತು. ನಮ್ಮದು ಮ್ಯಾಂಡರಿನ್ ಜಾತಿ. ಅದನ್ನು ಪಳಗಿಸಿದ್ದು ದಕ್ಷಿಣ ಚೀನಾದಲ್ಲಿ. ಪಶ್ಚಿಮ ಘಟ್ಟದಲ್ಲಿ ಅದರ ಕಾಡು ಮೂಲ ಇಲ್ಲ.

ಪೊನ್ನಂಪೇಟೆ ತೋಟಗಾರ: ಅಸ್ಸಾಂ ಎಂದು ನೀವೇ ಹೇಳಿದಿರಿ. ಅದು ಭಾರತವೇ ಅಲ್ವಾ? ಮೇಘಾಲಯದ ಗಾರೋ ಬೆಟ್ಟದಲ್ಲಿ ಇಂದಿಗೂ ಕಾಡು ಕಿತ್ತಳೆ ಇದೆ. ಮತ್ತೆ ಚೀನಾ ಯಾಕೆ?

ವಿರಾಜಪೇಟೆ ಅಕ್ಕ: "ಕಾಡು ಮೂಲ ಇಲ್ಲ" ಅಂತೆ! ಹಾಗಾದರೆ ಕೈಪುಳಿ, ನಮ್ಮ ಕಹಿ ಕಿತ್ತಳೆ, ಏನು? ನಮ್ಮ ತೋಟದ ಅಂಚಿನಲ್ಲಿ ತಾನಾಗಿ ಬೆಳೆದು ನಿಂತಿದೆ. ಯಾರೂ ನೆಟ್ಟದ್ದಲ್ಲ. ಅದರ ಪಜ್ಜಿ ತಿಂದೇ ನಾವು ಬೆಳೆದದ್ದು. ಕಿತ್ತಳೆಗೆ ಅದೇ ತಾಯಿ.

ಸಸ್ಯಾಸಕ್ತ: ತಾಯಿಯಲ್ಲ ಅಕ್ಕಾ, ಮಗಳು. ಕಹಿ ಕಿತ್ತಳೆ ಹುಟ್ಟಿದ್ದೇ ಚಕ್ಕೋತಕ್ಕೂ ಮ್ಯಾಂಡರಿನ್‌ಗೂ ಬೆರಕೆಯಾಗಿ. ತಿಂದು ಎಸೆದ ಬೀಜ ಮೊಳೆತು ಕಾಡು ಸೇರಿದೆ, ಅಷ್ಟೇ. ಹೊರದೇಶದಿಂದ ಬಂದ ಲಂಟಾನಾ ಕಳೆ ಕೂಡ ಕಾಡಲ್ಲಿದೆ, ಅದು ನಮ್ಮದಾ?

ಸೋಮವಾರಪೇಟೆ ಕಸಿಗಾರ: ಬೀಜ ಮೊಳೆತು ಬಂದ ಗಿಡದ ಮಾತು ಬಿಡಿ. ಬೀಜದಲ್ಲಿ ತಾಯಿಯ ಗುಣ ಬರುವುದಿಲ್ಲ. ಒಳ್ಳೆ ಕಿತ್ತಳೆಗೆ ಕಸಿ ಒಂದೇ ದಾರಿ.

ಪೊನ್ನಂಪೇಟೆ ತೋಟಗಾರ: ಸುಮ್ನೆ ಏನೇನೋ ಹೇಳಬೇಡಿ! ಒಂದು ಕಿತ್ತಳೆ ಬೀಜ ಮೊಳಕೆ ಹಾಕಿ ನೋಡಿ. ಎರಡು ಮೂರು ಸಸಿ ಬರುತ್ತವೆ. ಒಂದು ಬಿಟ್ಟು ಉಳಿದವು ತಾಯಿಯ ಜೀವಕೋಶದಿಂದಲೇ ಹುಟ್ಟಿದವು, ತಾಯಿಯ ಪಡಿಯಚ್ಚು. ನಮ್ಮ ಹಿರಿಯರು ಕಾಫಿ ತೋಟದ ನಡುವೆ ಬೀಜದ ಗಿಡ ನೆಟ್ಟೇ ಈ ತಳಿ ಉಳಿಸಿದ್ದು.

ಸೋಮವಾರಪೇಟೆ ಕಸಿಗಾರ: "ಒಂದು ಬಿಟ್ಟು" ಎಂದಿರಲ್ಲ, ಆ ಒಂದನ್ನು ನರ್ಸರಿಯಲ್ಲಿ ಕಿತ್ತು ಹಾಕುವವರು ಯಾರು? ಬೀಜದ ಗಿಡಕ್ಕೆ ಮುಳ್ಳು ಬೇರೆ. ಹಣ್ಣಿಗೆ ಏಳೆಂಟು ವರ್ಷ ಕಾಯಬೇಕು. ರಂಗಪುರ ನಿಂಬೆಯ ಬೇರಿಗೆ ಕಿತ್ತಳೆಯ ಕಣ್ಣು (ಚಿಗುರುಮೊಗ್ಗು) ಕೂರಿಸಿದರೆ ಅದರ ಅರ್ಧದಲ್ಲೇ ಫಸಲು.

ವಿರಾಜಪೇಟೆ ಅಕ್ಕ: ಫಸಲು ಅಂತೆ! ಗ್ರೀನಿಂಗ್ ರೋಗ ಇರುವ ಮರದಿಂದ ಕಣ್ಣು ತೆಗೆದರೆ ರೋಗವೂ ಜೊತೆಗೇ ಬರುತ್ತದೆ. ಒಂದು ನರ್ಸರಿಯಿಂದ ತಂದ ಕಸಿ ಗಿಡಗಳು ನಮ್ಮಲ್ಲಿ ಎಲೆ ಹಳದಿಯಾಗಿ ಒಣಗಿ ಹೋದವು. ದುಡ್ಡು ಹೋಯಿತು, ವರ್ಷಗಳೂ ಹೋದವು. ಇನ್ನು ಕಸಿ ಎಂದರೆ ನನಗೆ ಸಿಟ್ಟು ಬರುತ್ತದೆ.

ಸೋಮವಾರಪೇಟೆ ಕಸಿಗಾರ: ಸಿಟ್ಟು ಮಾಡಿದರೆ ರೋಗ ಹೋಗುವುದಿಲ್ಲ. ಅದನ್ನು ಹರಡುವುದು ಸಿಲ್ಲಿಡ್ ಕೀಟ. ಬೀಜದ ಗಿಡ ಎಂದು ಅದು ಬಿಡುತ್ತದಾ? ಹಳೆ ತೋಟಗಳೆಲ್ಲ ಬೀಜದವೇ. ಅವೂ ಹೋದವಲ್ವಾ?

ಪೊನ್ನಂಪೇಟೆ ತೋಟಗಾರ: "ಹೋದವು" ಎನ್ನಬೇಡಿ. ನಮ್ಮಲ್ಲಿ ಬೀಜದ ಮರಗಳು ಇನ್ನೂ ನಿಂತಿವೆ, ಹಣ್ಣೂ ಬಿಡುತ್ತಿವೆ. ಬಂದು ನೋಡಿ.

ಸಸ್ಯಾಸಕ್ತ: ಮೂಲದ ವಿಷಯವನ್ನು ಎಲ್ಲರೂ ಬಿಟ್ಟೇಬಿಟ್ಟಿರಿ. ಚಕ್ಕೋತದ ಬೀಜಕ್ಕೆ ಒಂದೇ ಸಸಿ. ಅನೇಕ ಮ್ಯಾಂಡರಿನ್‌ಗಳಲ್ಲಿ ಹಲವು ಬರುತ್ತವೆ. ಇದರ ಹಿಂದಿನ ಜೀನ್ ಅನ್ನು 2017ರಲ್ಲಿ ಗುರುತಿಸಿದರು. ಹಣ್ಣು ಇಷ್ಟಪಟ್ಟವರು ಬೀಜ ಕೊಂಡೊಯ್ದರೆ ಸಾಕು, ಅದೇ ಹಣ್ಣು ಇನ್ನೊಂದು ನಾಡಿನಲ್ಲೂ ಸಿಗುತ್ತದೆ. ಇಷ್ಟು ದೂರದ ಕೊಡಗಿಗೆ ಅದು ಬಂದು ನೆಲೆ ನಿಂತದ್ದು ಹಾಗೆಯೇ ಇರಬೇಕು.

ವಿರಾಜಪೇಟೆ ಅಕ್ಕ: "ಇರಬೇಕು" ಎಂದರೆ ಆಯಿತಾ? ಯಾರು ತಂದರು, ಯಾವ ವರ್ಷ? ದಾಖಲೆ ಇದ್ದರೆ ಕೊಡಿ. ಇಲ್ಲದಿದ್ದರೆ ಕೈಪುಳಿ ನಮ್ಮದೇ, ಕಿತ್ತಳೆಯೂ ನಮ್ಮದೇ.

ಸೋಮವಾರಪೇಟೆ ಕಸಿಗಾರ: ಅಕ್ಕಾ, ದಾಖಲೆ ಆಮೇಲೆ. ಆ ಒಣಗಿದ ಗಿಡಗಳನ್ನು ಯಾವ ಬೇರಿಗೆ ಕಸಿ ಕಟ್ಟಿದ್ದರು, ಮೊದಲು ಅದನ್ನು ಹೇಳಿ.